ಕುಸುಬಿ ಎಣ್ಣೆ ಕುಡಿದ ಫಟಫಟಿ

ಆ ವರ್ಷ ಖಂಡೇನವಮಿಗೆ ಅತ್ತೆಯ ಫಟಫಟಿ ಚಾಲೂ ಆಗದೇ ಹೋಗಿದ್ದರೆ, ಅನಗೋಳದ ನಮ್ಮ ಅಂಗಡಿಯಲ್ಲಿ ಇವತ್ತು ಜೋಳ ಬೀಸುತ್ತಿದ್ದರು. ಇದನ್ನು ನಾನು ಎದೆ ತಟ್ಟಿಕೊಂಡೇ ಹೇಳುತ್ತೇನೆ. ತಲೆ ತಗ್ಗಿಸಿಕೊಂಡು ಹೇಳುವಂಥ ಕೆಲಸ ನಾನು ಮಾಡಿಲ್ಲ.

ಅಂಗಡಿ ಎಂದರೆ ಮಹಾ ಏನಲ್ಲ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡು, ಅದರೊಳಗೆ ಒಂದು ಲೇಥ್, ಒಂದು ಡ್ರಿಲ್ಲಿಂಗ್ ಮಶೀನು, ಒಂದು ಗ್ರೈಂಡರು. ಬೆಳಗಾವಿಯಲ್ಲಿ ಇಂಥವು ಗಲ್ಲಿಗೊಂದು ಇದ್ದವು. ಅಪ್ಪ ಪಂಪಿನ ಬುಶ್ಶು, ಗಾಣದ ಶಾಫ್ಟು, ಯಾರದೋ ಸ್ಕೂಟರಿನ ಸವೆದ ಪಿನ್ನು, ಏನು ಬಂದರೂ ಮಾಡಿಕೊಡುತ್ತಿದ್ದ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಹೀಗಾಗಿ ಶಾಲೆ ಬಿಟ್ಟ ಕೂಡಲೇ ನಾನು ಹೋಗುತ್ತಿದ್ದದ್ದು ಅಂಗಡಿಗೆ. ಮೊದಮೊದಲು ಕಬ್ಬಿಣದ ಸುರುಳಿ ಗುಡಿಸಿದೆ, ಆಮೇಲೆ ಲೇಥಿನ ಟೂಲಿಗೆ ಸಾಣೆ ಹಿಡಿದೆ, ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ಲೇಥ್ ನನ್ನ ಕೈಗೆ ಬಂದಿತ್ತು. ಸೆರಗು ತಿರುಗುವ ಲೇಥಿಗೆ ಸಿಕ್ಕರೆ ಕುತ್ತಿಗೆಯೇ ಹೋಗುತ್ತದೆಂದು ಅಪ್ಪ ತನ್ನ ಹಳೆಯ ಪೈಜಾಮ, ಅಂಗಿ ಕೊಟ್ಟ. ಅವನ್ನು ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಓಣಿಯ ಹೆಂಗಸರು ‘ಗಂಡಬೀರಿ’ ಎನ್ನುತ್ತಿದ್ದರು. ಅನ್ನಲಿ ಬಿಡಿ. ಅವರ ಹೊಲದ ಪಂಪು ಕೆಟ್ಟು ಕೂತಾಗ ಇದೇ ಗಂಡಬೀರಿಯ ಮುಂದೆ ಬಂದು ನಿಲ್ಲುತ್ತಿದ್ದರು.

ಅಪ್ಪನದೊಂದು ಚಾಳಿ ಇತ್ತು. ಏನು ಕೇಳಿದರೂ ಕೂಡಲೇ ಹೇಳುತ್ತಿರಲಿಲ್ಲ. ‘ಮೊದಲ ಕೈಯಾಗಿನ ಕೆಲಸಾ ಮುಗಸು, ಆಮ್ಯಾಲೆ ಹೇಳತೀನಿ,’ ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಲಸ ಮುಗಿಸಿ ಬಂದು ಮತ್ತೆ ಕೇಳುತ್ತಿದ್ದೆ, ಆಗ ಹೇಳುತ್ತಿದ್ದ. ಹೀಗೇ ನಾನು ಕಲಿತದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ನಾಲಿಗೆ ಉಳಿಯಿತು, ಬಲಗೈ ಹೋಯಿತು. ಅಂಗಡಿಗೂ ಮನೆಗೂ ನಡುವಿನ ಪಡಸಾಲೆಯಲ್ಲಿ ಮಂಚ ಹಾಕಿ ಮಲಗಿಸಿದೆವು. ನೋಡಲು ಬಂದ ಕಾಕಾ, ಅಂದರೆ ಅಪ್ಪನ ತಮ್ಮ, ಅಲ್ಲೇ ಕೂತು ಅಂಗಡಿಯ ಮಾತು ತೆಗೆದ. ಕಾಕಾ ಕೆಟ್ಟವನಲ್ಲ. ನಗುತ್ತ, ನಗಿಸುತ್ತ ಇರುವ ಮನುಷ್ಯ. ಆ ದಿನ ಮಾತ್ರ ಅವನ ನಗೆ ನನಗೆ ಸೇರಲಿಲ್ಲ.

‘ಲೇಥ್ ಮಾರೂಣು ಅಣ್ಣಾ. ಅದ ಜಾಗಾದಾಗ ನಾ ಒಂದು ಗಿರಣಿ ಹಾಕತೀನಿ. ಜ್ವಾಳಾ ತಿನ್ನೂದು ಬಿಟ್ಟವರು ಯಾರ ಅದಾರ ಹೇಳು? ಈ ಹುಡುಗಿನೂ ಬೆಲ್ಟ್ ಏರಿಸಿಕೋಂತ ಅಲ್ಲೇ ಇರಲಿ.’

‘ಬೆಲ್ಟ್ ನಿನ್ನ ಕೊಳ್ಳಾಗ ಏರಸ್ತೀನಿ ಕಾಕಾ,’ ಎಂದೆ. ಅವನು ಮತ್ತೂ ಜೋರಾಗಿ ನಕ್ಕ.

ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ‘ಲೇಥ್ ನಡಸಾಕ ಬರತೈತಿ ಅಕಿಗೆ. ಇಲ್ಲ ಅನ್ನಂಗಿಲ್ಲ. ಆದ್ರ ಹೇಳಿದ್ದು ಮಾಡೂದು ಬ್ಯಾರೆ, ಕೆಟ್ಟದ್ದು ಯಾಕ ಕೆಟ್ಟೈತಿ ಅಂತ ತಾನ ಹುಡುಕೂದು ಬ್ಯಾರೆ. ಇಷ್ಟ ದಿವಸ ನಾ ಬಾಜೂಕ ಇದ್ದೆ.’

ಅಷ್ಟೊತ್ತು ಮೂಲೆಯಲ್ಲಿ ಕೂತು ಕೇಳುತ್ತಿದ್ದ ಅತ್ತೆ ಬಾಯಿ ತೆಗೆದಳು. ಅತ್ತೆ ಅಪ್ಪನ ಅಕ್ಕ. ಖಾನಾಪುರದ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಳು, ಊರಿಗೆಲ್ಲ ಅಕ್ಕೋರು. ಅವಳು ಬಾಯಿ ತೆಗೆದರೆ ಗಂಡಸರೂ ಕೈಕಟ್ಟಿ ಕೇಳುತ್ತಿದ್ದರು.

‘ಹಂಗಾದ್ರ ನಮ್ಮನಿ ಫಟಫಟಿ ಚಾಲೂ ಮಾಡಿ ತೋರಸ್ಲಿ.’

ಲಕ್ವಾ ಹೊಡೆದ ಮೇಲೆ ಅಪ್ಪ ನಕ್ಕದ್ದು ಆಗಲೇ. ‘ಆ ಫಟಫಟಿ ಏನಕ್ಕಾ? ಅದು ಸತ್ತು ಯಾವ ಕಾಲ ಆತು. ನಾನ ಬಡದು ಬಡದು ಸಾಕಾಗಿ ಬಿಟ್ಟು ಬಂದೀನಿ.’

‘ಅದಕ್ಕ ಅಂದೆ,’ ಎಂದಳು ಅತ್ತೆ.

ಆ ಫಟಫಟಿ ಅತ್ತೆಯ ಗಂಡ, ನನ್ನ ಮಾಮಾನದು. ಮಿಲಿಟರಿಯವರ ಹರಾಜಿನಲ್ಲಿ ತಂದ ಇಂಗ್ಲಿಷ್ ಮೋಟರ್‌ಸೈಕಲ್ಲು, ಒಂದೇ ಸಿಲಿಂಡರು, ಎತ್ತಿನಂಥ ಮೈಕಟ್ಟು. ಮಾಮಾ ಕಟ್ಟಿಗೆ ಡಿಪೋದ ಕೆಲಸಕ್ಕೆ ಕಣಕುಂಬಿಯ ತನಕ ಅದರ ಮೇಲೆ ಹೋಗಿಬರುತ್ತಿದ್ದ. ಅವನು ತೀರಿಹೋದ ಮೇಲೆ ಗಾಡಿ ಹಿತ್ತಲ ಕೊಟ್ಟಿಗೆ ಸೇರಿತು. ಮಾರಿಬಿಡು ಎಂದವರಿಗೆಲ್ಲ ಅತ್ತೆ ಕಡ್ಡಿ ಮುರಿದ ಹಾಗೆ ಇಲ್ಲ ಎಂದಿದ್ದಳು.

ಮಾತು ಅಲ್ಲೇ ಪಕ್ಕಾ ಆಯಿತು. ನಮ್ಮಲ್ಲಿ ಖಂಡೇನವಮಿ ದಿನ ಅಂಗಡಿಯ ಹತಾರಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತೇವೆ. ಲೇಥಿನ ಮುಂದೆ ಕಾಯಿ ಒಡೆಯುವವನೇ ಆ ಅಂಗಡಿಯ ಯಜಮಾನ. ಕಾಗದ ಪತ್ರ ಏನೇ ಹೇಳಲಿ, ಓಣಿಯವರು ನೋಡುವುದು ಕಾಯಿ ಯಾರ ಕೈಯಲ್ಲಿದೆ ಎಂದು. ಅಪ್ಪನ ಕೈ ಬಿದ್ದುಹೋಗಿತ್ತು. ಖಂಡೇನವಮಿಯೊಳಗೆ ಗಾಡಿ ಚಾಲೂ ಆದರೆ ಕಾಯಿ ನಾನು ಒಡೆಯಬೇಕು, ಇಲ್ಲವಾದರೆ ಕಾಕಾ ಒಡೆಯಬೇಕು, ಆಮೇಲೆ ಗಿರಣಿ. ಅಪ್ಪ ಒಂದು ಕರಾರು ಹಾಕಿದ: ‘ಅಕಿ ನನಗ ಒಂದ ಮಾತೂ ಕೇಳಬಾರದು.’

‘ಹೆಣ್ಣಮಗಳು ಕಾಯಿ ಒಡದರ ಮಂದಿ ಏನಂದಾರು?’ ಎಂದು ಕಾಕಾ ಸುಮ್ಮನೆ ಒಂದು ಕಲ್ಲು ಎಸೆದು ನೋಡಿದ.

‘ಕೊಳ್ಳಾಗ ಲಿಂಗಾ ಕಟ್ಟುವಾಗ ಹೆಣ್ಣೇನು ಗಂಡೇನು ಅಂತ ಕೇಳ್ಯಾರೇನೋ ನಮಗ? ಕಾಯಿಗೆ ಯಾಕ ಕೇಳಬೇಕು?’ ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದಳು.

ಮುಂದಿನ ರವಿವಾರವೇ ಬೆಳಗಿನ ರೈಲಿಗೆ ಖಾನಾಪುರಕ್ಕೆ ಹೋದೆ. ಕೊಟ್ಟಿಗೆಯಲ್ಲಿ ಗೋಣಿತಾಟು ಸರಿಸಿದರೆ, ಅಯ್ಯ ಶಿವನೇ! ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಟಯರುಗಳು ಬಿರಿದು ಉದುರುತ್ತಿದ್ದವು. ಖಾನಾಪುರದ ಮಳೆಗೆ ಹ್ಯಾಂಡಲ್ಲು, ರಿಮ್ಮು, ಸೈಲೆನ್ಸರು ಎಲ್ಲ ತುಕ್ಕು ಹಿಡಿದು ಕೆಂಪಗಾಗಿದ್ದವು. ಆದರೆ ಹೆಡ್‌ಲೈಟಿನ ಮೇಲೆ ಮೂರು ಬೆರಳಿನ ವಿಭೂತಿ, ಟ್ಯಾಂಕಿನ ಮೇಲೆ ಒಣಗಿದ ಚೆಂಡುಹೂ. ಅತ್ತೆ ವರ್ಷ ವರ್ಷ ಖಂಡೇನವಮಿಗೆ ಅದರ ಪೂಜೆ ತಪ್ಪಿಸಿರಲಿಲ್ಲ.

ಕಿಕ್ಕರಿನ ಮೇಲೆ ನಿಂತು ಕುಣಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಹೆಡ್ ಬಿಚ್ಚಿದೆ. ಪಿಸ್ಟನ್ ಸಿಲಿಂಡರಿನ ನಡುವೆ ಕೂತುಬಿಟ್ಟಿತ್ತು. ಅಪ್ಪ ಮಾಡಿದ್ದನ್ನೇ ನಾನೂ ಮಾಡಿದೆ. ಡೀಸೆಲ್ ಸುರಿದೆ, ಸಾಗುವಾನಿ ತುಂಡು ಇಟ್ಟು ಸುತ್ತಿಗೆಯಿಂದ ಬಡಿದೆ. ಮುಂದಿನ ರವಿವಾರವೂ ಬಡಿದೆ. ಅದರ ಮುಂದಿನ ರವಿವಾರ ನಟ್ಟು ಬಿಚ್ಚುವ ಪಾನಾ ಎತ್ತಿ ಒಗೆದೆ, ಅದು ಹೋಗಿ ಅತ್ತೆಯ ತುಳಸಿಗೆ ಬಡಿಯಿತು.

‘ಕುಣ್ಯಾಕ ಬಾರದಾಕಿ ನೆಲಾ ಡೊಂಕು ಅಂದಳಂತ,’ ಎಂದಳು ಅತ್ತೆ, ಒಲೆಯ ಮುಂದಿನಿಂದಲೇ. ‘ಸಿಟ್ಟು ಬಂದ್ರ ಎದ್ದು ರೊಟ್ಟಿ ಬಡಿ. ಹೊಟ್ಟೆರೆ ತುಂಬತೈತಿ.’

ನೆರೆಮನೆಯ ಮರಾಠಿ ಅಜ್ಜಿ ಬೇಲಿಯ ಆಚೆಯಿಂದ ನಾನು ಹೋದಾಗೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದಳು: ‘ಝಾಲೀ ಕಾ ಗಾಡಿ ಸುರೂ?’ ಶುರುವಾಯಿತೇ ಎಂದು. ನಾನು ‘ನಾಹೀ’ ಎಂದರೆ ಸಮಾಧಾನದಿಂದ ಒಳಗೆ ಹೋಗುತ್ತಿದ್ದಳು.

ಆ ದಿನ ಅದೇ ಸಿಟ್ಟಿನಲ್ಲಿ ಅಡಿಗೆಮನೆಗೆ ಹೋದೆ. ಒಗ್ಗರಣೆಗೆ ಎಣ್ಣೆ ಬೇಕೆಂದು ಕುಸುಬಿ ಎಣ್ಣೆಯ ಡಬ್ಬಿ ತೆಗೆಯಲು ಹೋದರೆ ಅದರ ಮುಚ್ಚಳ ಬರಲೊಲ್ಲದು. ಬಾಯಿಯ ಸುತ್ತ ಸೋರಿದ ಎಣ್ಣೆ ಒಣಗಿ, ಹಳದಿ ಅಂಟಾಗಿ, ಮುಚ್ಚಳವನ್ನು ಡಬ್ಬಿಗೆ ಬೆಸೆದುಬಿಟ್ಟಿತ್ತು. ‘ಬಡಿಬ್ಯಾಡ, ಬಡದರ ಬರಂಗಿಲ್ಲ, ಬಿಸಿನೀರಾಗ ಹಿಡಿ,’ ಎಂದಳು ಅತ್ತೆ.

ನಾನು ಡಬ್ಬಿಯನ್ನು ಅಲ್ಲೇ ಇಟ್ಟು ಕೊಟ್ಟಿಗೆಗೆ ಓಡಿದೆ. ಸಿಲಿಂಡರಿನ ಅಂಚಿನಲ್ಲಿ ಉಗುರಿನಿಂದ ಕೆರೆದೆ. ಬಂದದ್ದು ಕೆಂಪು ತುಕ್ಕಲ್ಲ, ಹಳದಿ ಅಂಟು. ಮೂಸಿದೆ. ಹಳೆಯ ಪಣತಿಯ ವಾಸನೆ.

‘ಅತ್ತೀ! ಈ ಇಂಜಿನ್ನಾಗ ಏನ ಹಾಕೀಯ ನೀ?’

‘ಎಣ್ಣಿ,’ ಎಂದಳು ಅತ್ತೆ, ಶಾಲೆಯಲ್ಲಿ ಮಗ್ಗಿ ಹೇಳಿದಷ್ಟು ಧೈರ್ಯದಿಂದ. ‘ನಿಮ್ಮ ಮಾಮಾ ಹೋಗೂ ಮುಂದ ಹೇಳಿದ್ರು, ಇಂಜಿನ್ ಒಣಗಾಕ ಬಿಡಬ್ಯಾಡ, ಎಣ್ಣಿ ಹಾಕತಿರು ಅಂತ. ಪ್ರತಿ ಖಂಡೇನವಮಿಗೆ ಆ ಪ್ಲಗ್ಗು ಬಿಚ್ಚಿ ಒಂದು ಬಟ್ಟಲಾ ಕುಸುಬಿ ಎಣ್ಣಿ ಹಾಕೀನಿ. ಗಾಣದ್ದು, ಚೊಲೋದು. ನಾವು ತಿನ್ನೂದ ಅದ.’

ಇಷ್ಟು ವರ್ಷದ ಕುಸುಬಿ ಎಣ್ಣೆ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಾಮಾ ಹೇಳಿದ್ದು ಇಂಜಿನ್ ಆಯಿಲ್, ಅದು ಇವಳಿಗೆ ಗೊತ್ತಿಲ್ಲ. ಇವಳು ಹಾಕಿದ್ದು ಒಗ್ಗರಣೆಯದು, ಅದು ಅಪ್ಪನಿಗೆ ಗೊತ್ತಿಲ್ಲ. ತುಕ್ಕು ಹಿಡಿದಿದೆ ಎಂದುಕೊಂಡು ಅಪ್ಪನೂ ಬಡಿದ, ನಾನೂ ಬಡಿದೆ. ಕುಸುಬಿ ಎಣ್ಣೆ ವಾರ್ನಿಶ್ ಬಳಿದ ಹಾಗೆ ಒಣಗಿ ಪಿಸ್ಟನ್ನನ್ನು ಹಿಡಿದುಕೊಂಡಿತ್ತು. ಕೊಟ್ಟಿಗೆಯ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಅತ್ತೆ ಸೌಟು ಹಿಡಿದು ಬಾಗಿಲಲ್ಲಿ ನಿಂತು, ‘ಹುಡುಗಿಗೆ ಏನರೆ ಬಡಕೊಂಡೈತೇನು?’ ಎಂದು ವಿಭೂತಿ ತಂದಳು.

ಬೆಳಗಾವಿಯ ಪೇಂಟ್ ಅಂಗಡಿಯಿಂದ ಥಿನ್ನರ್ ತಂದೆ. ಪಿಸ್ಟನ್ನಿನ ಮೇಲೆ ಸುರಿದು, ಸಿಲಿಂಡರಿನ ಬಾಯಿ ಮುಚ್ಚಿ, ಒಂದು ವಾರ ಬಿಟ್ಟೆ. ಮುಂದಿನ ರವಿವಾರ ಅತ್ತೆ ಬಚ್ಚಲ ಹಂಡೆಯಲ್ಲಿ ನೀರು ಕುದಿಸಿದಳು. ಥಿನ್ನರ್ ಎಲ್ಲ ಬಸಿದು ಒರೆಸಿ, ಸಿಲಿಂಡರಿಗೆ ಹಳೆಯ ಸೀರೆ ಸುತ್ತಿ, ಅದರ ಮೇಲೆ ಕುದಿವ ನೀರು ಹೊಯ್ಯುತ್ತ ಹೋದೆವು. ಆಮೇಲೆ ಕಟ್ಟಿಗೆಯ ತುಂಡು ಇಟ್ಟು ಒಂದು ಏಟು ಕೊಟ್ಟೆ. ಬಡಿಯಲಿಲ್ಲ, ತಟ್ಟಿದೆ ಅಷ್ಟೇ. ಪಿಸ್ಟನ್ ನಿಟ್ಟುಸಿರು ಬಿಟ್ಟ ಹಾಗೆ ಕೆಳಗೆ ಜಾರಿತು.

ಸಿಲಿಂಡರ್ ಒರೆಸಿ ನೋಡಿದೆ. ಅದರೊಳಗೆ ನನ್ನ ಮುಖ ಕಾಣುತ್ತಿತ್ತು! ಹೊರಗೆ ಇಡೀ ಗಾಡಿ ತುಕ್ಕು ತಿಂದು ಕೂತಿದ್ದರೂ ಒಳಗೆ ಒಂದು ಚುಕ್ಕೆ ತುಕ್ಕಿಲ್ಲ. ಯಾವ ಎಣ್ಣೆ ಪಿಸ್ಟನ್ನನ್ನು ಕಟ್ಟಿಹಾಕಿತ್ತೋ ಅದೇ ಎಣ್ಣೆ ಖಾನಾಪುರದ ಮಳೆಗಾಲದಿಂದ ಅದನ್ನು ಕಾಪಾಡಿತ್ತು. ನಾನು ಎದ್ದು ಅತ್ತೆಯ ಎರಡೂ ಕೆನ್ನೆ ಹಿಡಿದು ಮುದ್ದು ಕೊಟ್ಟೆ. ಕೈಯೆಲ್ಲ ಮಸಿ. ‘ಥೂ, ಹುಚ್ಚಿ!’ ಎಂದಳು, ಆದರೆ ಕೆನ್ನೆ ಒರೆಸಿಕೊಳ್ಳಲಿಲ್ಲ.

ಆಮೇಲಿನದೆಲ್ಲ ಕೈಕೆಲಸ, ಅದರಲ್ಲಿ ನನಗೆ ಯಾರ ಭಯವೂ ಇರಲಿಲ್ಲ. ಸವೆದ ವಾಲ್ವ್ ಗೈಡು, ಕಿಕ್ಕರಿನ ಬುಶ್ಶು ಚೀಲದಲ್ಲಿ ಹಾಕಿಕೊಂಡು ರೈಲಿನಲ್ಲಿ ಅನಗೋಳಕ್ಕೆ ತಂದು, ವಾರದ ನಡುವೆ ನಮ್ಮ ಲೇಥಿನ ಮೇಲೆ ಹೊಸವು ಮಾಡಿದೆ. ಟಯರು, ಸೀಟು ಗುಜರಿಯಿಂದ ತಂದು ಹಾಕಿದೆ. ಕಿಡಿ ಕೊಡುವ ಮ್ಯಾಗ್ನೆಟೋ ಸುಟ್ಟುಹೋಗಿತ್ತು. ಅದನ್ನು ಖಡೇಬಜಾರದ ಕಡೆ ಮೋಟರಿನ ತಂತಿ ಸುತ್ತುವ ಚಾಚಾನ ಹತ್ತಿರ ಒಯ್ದೆ. ‘ಯಾರ್ದಿದು? ಅಂಗ್ರೇಜಿಯವ್ರು ಬಿಟ್ಟುಹೋದದ್ದಾ?’ ಎಂದು ಗದ್ದ ಕೆರೆದುಕೊಂಡು, ಆದರೂ ಸುತ್ತಿಕೊಟ್ಟ.

ನಾನು ಲೇಥ್ ಹಾಕಿದಾಗೆಲ್ಲ ಪಡಸಾಲೆಯ ಮಂಚದ ಮೇಲೆ ಅಪ್ಪ ಕಣ್ಣು ಮುಚ್ಚಿ ಮಲಗಿರುತ್ತಿದ್ದ. ನಿದ್ದೆಯಲ್ಲ, ಕಿವಿ ಇತ್ತಲೇ. ಒಂದು ದಿನ ಗೈಡಿಗೆ ಟೂಲ್ ಹಚ್ಚಿದಾಗ ಕಿರ್ರ್ ಎಂದು ನಡುಗುವ ಸದ್ದು ಬಂತು. ಕೂಡಲೇ ಪಡಸಾಲೆಯಿಂದ ಕೆಮ್ಮು. ಟೂಲ್ ಇಳಿಸಿ ಕಟ್ಟಿದೆ, ಸದ್ದು ನಿಂತಿತು, ಕೆಮ್ಮೂ ನಿಂತಿತು.

‘ನಾ ಏನೂ ಕೇಳಿಲ್ಲ ಮತ್ತ!’ ಎಂದು ಕೂಗಿದೆ.

‘ನಾ ಏನೂ ಹೇಳೂ ಇಲ್ಲ. ಗಂಟಲದಾಗ ಕಫಾ,’ ಎಂದ ಅಪ್ಪ.

ದಸರೆ ಹತ್ತಿರ ಬಂತು. ನವರಾತ್ರಿಯ ರವಿವಾರ ಎಲ್ಲ ಜೋಡಿಸಿ, ಪೆಟ್ರೋಲ್ ಹಾಕಿ, ಜಂಬದಿಂದ ಕಿಕ್ ಹೊಡೆದೆ. ಢಂ! ಕಾರ್ಬುರೇಟರಿನಿಂದ ಬೆಂಕಿ ಉಗುಳಿತು. ಮತ್ತೆ ಹೊಡೆದೆ. ಢಂ! ಕಿಕ್ಕರು ತಿರುಗಿ ಬಂದು ನನ್ನ ಮೀನಖಂಡಕ್ಕೇ ಬಡಿಯಿತು. ಮರಾಠಿ ಅಜ್ಜಿಯ ಕೋಳಿಗಳು ಮಾಡು ಹತ್ತಿದವು. ಸಂಜೆಯ ತನಕ ಢಂ ಢಂ. ಇಂಜಿನ್ ತಿರುಗುತ್ತದೆ, ಕಿಡಿ ಬರುತ್ತದೆ, ಪೆಟ್ರೋಲ್ ಬರುತ್ತದೆ, ಗಾಡಿ ಮಾತ್ರ ಚಾಲೂ ಆಗುವುದಿಲ್ಲ. ಕುಂಟುತ್ತ ರೈಲು ಹತ್ತಿದೆ.

ಮನೆಗೆ ಬಂದಾಗ ಅಪ್ಪ ನನ್ನ ಕಾಲು ನೋಡಿದ, ಮುಖ ನೋಡಿದ. ಕಾಲು ನೋಡಿಯೇ ಅವನಿಗೆ ಅರ್ಧ ತಿಳಿದಿತ್ತು ಎಂದು ನನ್ನ ಗುಮಾನಿ. ನನಗೆ ಬೇಕಿದ್ದದ್ದು ಒಂದೇ ಮಾತು. ಲೇಥ್ ಆ ಕಡೆ, ಅಪ್ಪ ಈ ಕಡೆ, ನಡುವೆ ನಾನು.

‘ಅಪ್ಪಾ...’

‘ಹೂಂ?’

ಆ ‘ಹೂಂ’ನಲ್ಲಿ ಅವನು ಹೇಳಲು ತಯಾರಿದ್ದ. ಕೇಳಿದ್ದರೆ ಹೇಳಿಯೇಬಿಡುತ್ತಿದ್ದ, ಆಮೇಲೆ ಅಂಗಡಿ ಕಾಕಾನದಾಗುತ್ತಿತ್ತು. ‘ಏನಿಲ್ಲ. ಚಹಾ ಬೇಕೇನು?’ ಎಂದು ಒಳಗೆ ಹೋದೆ. ಒಲೆಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಸೋಲುತ್ತೇನೆಂದು ಅಲ್ಲ, ಉತ್ತರ ಅಷ್ಟು ಹತ್ತಿರ ಮಂಚದ ಮೇಲೆ ಮಲಗಿದ್ದರೂ ತಗೊಳ್ಳಲಾಗದ ಸಿಟ್ಟಿಗೆ.

ಖಂಡೇನವಮಿಯ ಹಿಂದಿನ ದಿನ ಮತ್ತೆ ಖಾನಾಪುರಕ್ಕೆ ಹೋದೆ. ಈ ಸಲ ಕಿಕ್ ಹೊಡೆಯಲಿಲ್ಲ. ಕೂತು ಯೋಚಿಸಿದೆ. ಪಿಸ್ಟನ್ ಮೇಲೆ ಬರುವುದು ಎರಡು ಸಲ. ಒಮ್ಮೆ ಗಾಳಿ ಒತ್ತಲು, ಇನ್ನೊಮ್ಮೆ ಹೊಗೆ ಹೊರಗೆ ದಬ್ಬಲು. ಕಿಡಿ ಬೇಕಾದದ್ದು ಗಾಳಿ ಒತ್ತಿದಾಗ. ಪ್ಲಗ್ ಬಿಚ್ಚಿ ವಾಯರಿನ ಸಮೇತ ಹೆಡ್ಡಿನ ಮೇಲೆ ಮಲಗಿಸಿ, ಆ ತೂತಿನ ಮೇಲೆ ಹೆಬ್ಬೆರಳು ಇಟ್ಟು, ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿಸಿದೆ. ಒತ್ತಿದವಳು ಅತ್ತೆ. ಪಿಸ್ಟನ್ ಮೇಲೆ ಬಂತು, ಕಿಡಿ ಚಟ್ ಎಂದಿತು, ಆದರೆ ನನ್ನ ಬೆರಳಿಗೆ ಗಾಳಿಯೇ ತಾಗಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದಾಗ ಗಾಳಿ ಬೆರಳನ್ನು ಎತ್ತಿ ಒಗೆಯಿತು, ಕಿಡಿ ಇಲ್ಲ. ಸಿಕ್ಕಿಬಿಟ್ಟೆ ಮಗನೇ! ಹೊಗೆ ಹೋಗುವ ಹೊತ್ತಿಗೆ ಕಿಡಿ ಕಟ್ಟಿದ್ದೆ ನಾನು. ಮ್ಯಾಗ್ನೆಟೋ ಬಿಚ್ಚಿ, ಇಂಜಿನ್ನನ್ನು ಒಂದು ಸುತ್ತು ತಿರುಗಿಸಿ, ಮತ್ತೆ ಕಟ್ಟಿದೆ.

ಖಂಡೇನವಮಿಯ ಬೆಳಿಗ್ಗೆ ಅತ್ತೆ ಮಿಂದು, ಇಳಕಲ್ ಸೀರೆ ಉಟ್ಟು, ಪೂಜೆಯ ತಾಟು ಹಿಡಿದು ಬಂದಳು. ವಿಭೂತಿ, ಕುಂಕುಮ, ಹೂವು, ಲಿಂಬೆಹಣ್ಣು. ಪಕ್ಕದಲ್ಲಿ ಒಂದು ಬಟ್ಟಲು ಕುಸುಬಿ ಎಣ್ಣೆ!

‘ಅತ್ತೀ! ಅದನ್ನ ದೀಪಕ್ಕ ಹಾಕು!’ ಎಂದು ಚೀರಿದೆ.

‘ಹಾಂ, ಹೌದಲ್ಲ, ಮರತೆ,’ ಎಂದು ನಾಲಿಗೆ ಕಚ್ಚಿಕೊಂಡಳು.

ಪೂಜೆ ಆಯಿತು. ಕಿಕ್ ಹೊಡೆದೆ. ಮೊದಲ ಸಲ ಕೆಮ್ಮಿತು. ಎರಡನೆಯ ಸಲ ‘ಧಗ್’ ಎಂದು, ನಿಂತು, ಮತ್ತೆ ‘ಧಗ್ ಧಗ್ ಧಗ್’ ಎಂದು ಹಿಡಿಯಿತು. ಸೈಲೆನ್ಸರಿನಿಂದ ನೀಲಿ ಹೊಗೆ ಬಂತು, ಹೊಗೆಯ ತುಂಬ ಕರಿದ ಭಜಿಯ ವಾಸನೆ! ಅತ್ತೆ ಅಲ್ಲೇ ತುಳಸಿಕಟ್ಟೆಯ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ಬೇಲಿಯ ಆಚೆ ಅಜ್ಜಿ ಬಂದು ನಿಂತಿದ್ದಳು. ಈ ಸಲ ಅವಳು ಕೇಳುವ ತನಕ ನಾನು ಕಾಯಲಿಲ್ಲ.

‘ಝಾಲೀ, ಆಜೀ, ಝಾಲೀ!’ ಎಂದು ನಾನೇ ಕೂಗಿದೆ.

‘ನಡಿ, ನಾನೂ ಬರತೀನಿ,’ ಎಂದು ಅತ್ತೆ ಕಣ್ಣೊರೆಸಿಕೊಂಡು ಹಿಂದಿನ ಸೀಟಿಗೆ ಏರಿದಳು, ಮಾಮಾನ ಹಿಂದೆ ಕೂರುತ್ತಿದ್ದ ಹಾಗೆಯೇ, ಒಂದೇ ಬದಿಗೆ ಕಾಲು ಹಾಕಿ. ಗಿರಾಕಿಗಳ ಗಾಡಿಗಳನ್ನು ಓಡಿಸಿ ನೋಡುವುದು ನನಗೆ ರೂಢಿಯಿತ್ತು, ಆದರೆ ಇಂಥ ಆನೆಯನ್ನು ಓಡಿಸಿರಲಿಲ್ಲ. ಮಚ್ಛೆಯ ಹತ್ತಿರ ಒಬ್ಬ ಟ್ರಕ್ಕಿನವನು ತಲೆ ಹೊರಗೆ ಹಾಕಿ ನಮ್ಮನ್ನೇ ನೋಡುತ್ತ ಬದಿಯ ಗಟಾರಕ್ಕೆ ಇಳಿಯುವುದರಲ್ಲಿದ್ದ. ‘ಮುಂದ ನೋಡಿ ಹೊಡಿಯೋ ತಮ್ಮಾ!’ ಎಂದು ಅತ್ತೆ ಗದರಿಸಿದಳು. ಪೀರನವಾಡಿ ದಾಟಿದ ಮೇಲೆ ಅವಳು ಹಿಂದೆ ವಚನ ಗುನುಗುವುದು ಕೇಳಿಸಿತು.

ಅನಗೋಳದಲ್ಲಿ ಅಂಗಡಿಯ ಮುಂದೆ ಓಣಿಯೇ ನೆರೆದಿತ್ತು. ಲೇಥಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಕಾಕಾ ಹೊಸ ಧೋತರ ಉಟ್ಟು, ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದ. ಹೊತ್ತಾಯಿತು, ಹೊತ್ತಾಯಿತು ಎಂದು ಎಲ್ಲರೂ ಅವಸರ ಮಾಡಿದ್ದರಂತೆ. ‘ಇನ್ನೊಂದ ಚೂರು ತಡೀರಿ,’ ಎಂದು ಅಪ್ಪ ಬೆಳಗಿನಿಂದ ಅದನ್ನೇ ಹೇಳುತ್ತಿದ್ದನಂತೆ. ಇದನ್ನು ಆಮೇಲೆ ಕಾಕಾನೇ ಹೇಳಿದ.

ಗಾಡಿ ನಿಲ್ಲಿಸಿದೆ, ಇಂಜಿನ್ ಆರಿಸಲಿಲ್ಲ. ಗೋಡೆ ಹಿಡಿದು ಅಪ್ಪ ಬಾಗಿಲ ತನಕ ಬಂದ. ತಲೆ ಓರೆ ಮಾಡಿ ಇಂಜಿನ್ನಿನ ಸದ್ದು ಕೇಳಿದ. ಆಮೇಲೆ ಎಡಗೈ ಎತ್ತಿ ಕಾಕಾನಿಗೆ ನನ್ನನ್ನು ತೋರಿಸಿದ.

‘ಕಾಯಿ ಅಕಿನ ಕೈಗೆ ಕೊಡು.’

‘ತಗೋರಿ ಮಾಲಕರ, ಗಿರಣಿ ನಾ ವಡಗಾವಿಯಾಗ ಹಾಕತೀನಿ,’ ಎಂದು ಕಾಕಾ ನಗುತ್ತಲೇ ಕೊಟ್ಟ. ಹಾಕಿಯೂ ಹಾಕಿದ. ನಮ್ಮ ಜೋಳ ಅಲ್ಲೇ ಬೀಸಿಸುತ್ತೇವೆ.

ಕಾಯಿ ಒಂದೇ ಏಟಿಗೆ ಒಡೆಯಿತು. ‘ಗಂಡಬೀರಿ’ ಎಂದವರೂ ಪ್ರಸಾದಕ್ಕೆ ಕೈ ಒಡ್ಡಿದರು, ಅವರಿಗೆ ದೊಡ್ಡ ಚೂರೇ ಕೊಟ್ಟೆ. ಎಲ್ಲ ಹೋದ ಮೇಲೆ ಗಾಡಿಯ ಹತ್ತಿರ ಅಪ್ಪನೊಬ್ಬನೇ ನಿಂತಿದ್ದ, ಬಿಸಿ ಸಿಲಿಂಡರಿನ ಮೇಲೆ ಅಂಗೈ ಹಿಡಿದುಕೊಂಡು. ನಾನು ಹೋಗಿ ಪಕ್ಕದಲ್ಲಿ ನಿಂತೆ.

‘ಯವ್ವಾ,’ ಎಂದ. ದನಿ ಸಣ್ಣಗಿತ್ತು. ‘ಆ ಪಿಸ್ಟನ್ ಹೆಂಗ ಬಿಡಿಸಿದಿ?’

ಅಪ್ಪ ನನಗೆ ಕಲಿಸಿದ್ದ, ಬೈದಿದ್ದ, ಒಮ್ಮೊಮ್ಮೆ ಮೆಚ್ಚಿದ್ದ. ನನ್ನನ್ನು ಏನನ್ನಾದರೂ ಕೇಳಿದ್ದು ನಾನು ಹುಟ್ಟಿದಾಗಿನಿಂದ ಅದೇ ಮೊದಲು. ಒಳಗೆ ಅತ್ತೆ ತಾಟು ಹಾಕುತ್ತಿದ್ದಳು, ಹೋಳಿಗೆಯ ವಾಸನೆ ಬರುತ್ತಿತ್ತು.

‘ಮೊದಲ ಊಟಾ ಮುಗಸು,’ ಎಂದೆ. ‘ಆಮ್ಯಾಲೆ ಹೇಳತೀನಿ.’